ಮೂರು ಮಳೆಗಾಲ ಕಂಡ ತಾಮ್ರ, ಹಿತ್ತಾಳೆ ದೀಪಗಳು
ಶಿವಮೊಗ್ಗದಿಂದ ಎರಡು ಹೊರದೀಪ ತಂದು ಮೂರು ಮಳೆಗಾಲ ಆಯ್ತು. ಹೆಬ್ಬಾಗಿಲಿಗೆ ತಾಮ್ರದ್ದು, ಜಗಲಿ ಹೊರಗೋಡೆಗೆ ಹಿತ್ತಾಳೆಯದು. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಲ್ಲ, ಜೂನಲ್ಲಿ ಹಿಡಿದರೆ ತಿಂಗಳುಗಟ್ಟಲೆ ಗೋಡೆ ಒಣಗುವುದಿಲ್ಲ.

ತಾಮ್ರದ್ದು ಮೊದಲ ಮಳೆಗೇ ಹೊಳಪು ಬಿಟ್ಟು, ದೀಪಾವಳಿ ಹೊತ್ತಿಗೆ ಒಣಗಿದ ಅಡಿಕೆಸಿಪ್ಪೆಯ ಬಣ್ಣಕ್ಕೆ ತಿರುಗಿತು. ಈಗ ನೀರು ತೊಟ್ಟಿಕ್ಕುವ ಅಂಚಿನಲ್ಲಿ ಮಾತ್ರ ತೆಳು ಹಸಿರು. ಪೂರ್ತಿ ಹಸಿರಾಗಲು ಇನ್ನೂ ಹಲವು ವರ್ಷ ಬೇಕು. ‘ಕಿಲುಬು ಹತ್ತಿದೆ ಮಾರಾಯ’ ಅಂತ ಅಮ್ಮ ಹುಣಸೆಹಣ್ಣು ಹಿಡಿದು ಬಂದರು. ನಾನು ಉಜ್ಜಲು ಬಿಡಲಿಲ್ಲ. ಅಡುಗೆ ಪಾತ್ರೆಯಲ್ಲಿ ಕಿಲುಬು ಅಪಾಯ, ನಿಜ. ದೀಪದ ಮೇಲೆ ಅದೇ ಪದರ ಒಳಗಿನ ಲೋಹವನ್ನು ಕಾಯುತ್ತದೆ. ಎಷ್ಟು ಚಂದ ಕಾಣುತ್ತದೆ ಅಂದರೆ, ಸಂಜೆ ಸುಮ್ಮನೆ ನೋಡುತ್ತಾ ನಿಲ್ಲುತ್ತೇನೆ.

ಹಿತ್ತಾಳೆಯದಕ್ಕೆ ಲ್ಯಾಕರ್ (ಹೊಳಪು ಉಳಿಸುವ ಪಾರದರ್ಶಕ ಲೇಪ) ಬಳಿದಿದ್ದರು, ಅಂಗಡಿಯವರು ಹೇಳಲಿಲ್ಲ. ಎರಡನೇ ವರ್ಷ ಅದು ಪೊರೆಯಂತೆ ಎದ್ದು, ಎದ್ದಲ್ಲಿ ಕಪ್ಪು, ಉಳಿದಲ್ಲಿ ಹಳದಿ. ಥಿನ್ನರ್ ಹಾಕಿ ಪೂರ್ತಿ ತೆಗೆದ ಮೇಲೆ ಎಲ್ಲ ಕಡೆ ಸಮನಾಗಿ ಕಂದುತ್ತಿದೆ. ಸಾಲದ್ದಕ್ಕೆ ಅದಕ್ಕೆ ಹಾಕಿದ್ದು ಕಬ್ಬಿಣದ ಸ್ಕ್ರೂ. ಹಿತ್ತಾಳೆಗೆ ತಾಗಿದ ಕಬ್ಬಿಣ ಒದ್ದೆಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಸುಣ್ಣದ ಗೋಡೆ ಮೇಲೆ ಕೆಂಪು ಗೆರೆ ಇಳಿದಿತ್ತು, ಹಿತ್ತಾಳೆ ಸ್ಕ್ರೂ ಹಾಕಿಸಿದೆ.

ತಾಮ್ರದ್ದಕ್ಕೆ 5ಕ್ಕೆ 5. ಹಿತ್ತಾಳೆಯದಕ್ಕೆ 3. ಕೊಳ್ಳುವಾಗ ಲ್ಯಾಕರ್ ಇಲ್ಲದ್ದನ್ನೇ ಕೇಳಿ, ಸ್ಕ್ರೂಗೆ ಆಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಅದು ಹಿತ್ತಾಳೆಯದಲ್ಲ.