ಇಫ್ ಐ ವಾಸ್ ಯುವರ್ ಗರ್ಲ್: ಮಗಳ ಗುಟ್ಟು, ತಂದೆಯ ಅಂಜಿಕೆ

ಬೆಳಗಾವಿಯ ಪುಸ್ತಕದಂಗಡಿಗಳಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಅಕ್ಕಪಕ್ಕದಲ್ಲೇ ಇರುತ್ತವೆ. ಆದರೂ ಹದಿಹರೆಯದವರಿಗೆಂದೇ ಬರೆದ ಕಾದಂಬರಿ ಬೇಕೆಂದರೆ ಇಂಗ್ಲಿಷ್ ಕಪಾಟಿನ ಮುಂದೆಯೇ ನಿಲ್ಲಬೇಕಾಗುತ್ತದೆ. ಖಡೇಬಜಾರಿನ ಅಂಗಡಿಯೊಂದರಲ್ಲಿ ಮೆರೆಡಿತ್ ರುಸ್ಸೊ ಅವರ ಈ ಪುಸ್ತಕ ನನಗೆ ಸಿಕ್ಕಿದ್ದು ಪ್ರೇಮಕಥೆಗಳ ಸಾಲಿನಲ್ಲಿ. ಅಂಗಡಿಯವರ ತಪ್ಪೇನೂ ಇಲ್ಲ, ಮುಖಪುಟದಲ್ಲಿ ಹುಡುಗಿಯೊಬ್ಬಳ ಮುಖವಿದೆ, ಹೆಸರೂ ಹಾಗೆಯೇ ಇದೆ. ಚಿತ್ರದಲ್ಲಿರುವ ರೂಪದರ್ಶಿ, ಬರೆದ ಲೇಖಕಿ, ಕಥಾನಾಯಕಿ ಅಮಾಂಡಾ ಮೂವರೂ ಟ್ರಾನ್ಸ್ ಹೆಣ್ಣುಮಕ್ಕಳು, ಅಂದರೆ ಹುಟ್ಟಿದಾಗ ಗಂಡೆಂದು ಎಣಿಸಲ್ಪಟ್ಟು ಹೆಣ್ಣಾಗಿ ಬದುಕುವವರು, ಎಂಬುದು ಹೊರಗಿನಿಂದ ನೋಡಿದವರಿಗೆ ಹೊಳೆಯುವುದಿಲ್ಲ.

ಪುಸ್ತಕ ಬಂದದ್ದು 2016ರಲ್ಲಿ, ಮರುವರ್ಷ ಅದಕ್ಕೆ ಅಮೆರಿಕದ ಸ್ಟೋನ್‌ವಾಲ್ ಪ್ರಶಸ್ತಿ ದೊರೆಯಿತು. ತಾಯಿಯ ಜೊತೆ ಜಾರ್ಜಿಯಾದಲ್ಲಿದ್ದ ಅಮಾಂಡಾ ಅಲ್ಲಿ ಪೆಟ್ಟು ತಿಂದ ಮೇಲೆ, ಟೆನೆಸ್ಸಿಯ ಒಂದು ಸಣ್ಣ ಊರಿನಲ್ಲಿ ಬೇರೆಯಾಗಿ ವಾಸವಾಗಿರುವ ತಂದೆಯ ಮನೆಗೆ ಬಂದು ಶಾಲೆಯ ಕೊನೆಯ ವರ್ಷಕ್ಕೆ ಸೇರುತ್ತಾಳೆ. ಅವಳ ಹಿಂದಿನ ಬದುಕು ಅಲ್ಲಿ ಯಾರಿಗೂ ಗೊತ್ತಿಲ್ಲ. ಗ್ರ್ಯಾಂಟ್ ಎಂಬ ಹುಡುಗ ಮನಸ್ಸಿಗೆ ಹಿಡಿಸುತ್ತಾನೆ. ಅವನಿಗೆ ಹೇಳಬೇಕೋ ಬೇಡವೋ ಎಂಬುದೇ ಕಥೆಯ ಗಂಟು. ಅದು ಹೇಗೆ ಬಿಚ್ಚುತ್ತದೆ ಎಂಬುದನ್ನು ಓದುವವರಿಗೇ ಬಿಡುತ್ತೇನೆ.

ನನಗೆ ಪ್ರೇಮಕಥೆಗಿಂತ ಹೆಚ್ಚು ಬೆಲೆಯುಳ್ಳದ್ದೆನಿಸಿದ್ದು ತಂದೆಯ ಪಾತ್ರ. ಆತ ಕೆಟ್ಟವನಲ್ಲ, ಆದರೆ ಮಗಳನ್ನು ಹೇಗೆ ಮಾತಾಡಿಸಬೇಕೆಂದು ಆತನಿಗೆ ತಿಳಿಯದು. ಅವಳು ಯಾರ ಕಣ್ಣಿಗೂ ಬೀಳದೆ ತನ್ನಷ್ಟಕ್ಕೆ ತಾನಿದ್ದು ವರ್ಷ ಮುಗಿಸಿದರೆ ಸಾಕೆಂದು ಬಯಸುವ ಆತನ ಅಂಜಿಕೆ ಪ್ರತಿ ಬಾರಿಯೂ ಸಿಟ್ಟಿನ ರೂಪದಲ್ಲೇ ಹೊರಬೀಳುತ್ತದೆ, ಮತ್ತು ಮಗಳಿಗೆ ಕಾಣುವುದು ಆ ಸಿಟ್ಟು ಮಾತ್ರ. ನಮ್ಮ ಕಡೆಯ ಎಷ್ಟೋ ತಂದೆಯರು ಇದೇ ಜಾತಿಯವರು. ನಮ್ಮ ದೇಶದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುರಕ್ಷಣೆಯ ಕಾಯ್ದೆಯೂ ಅಪ್ರಾಪ್ತ ವಯಸ್ಸಿನವರ ಗುರುತಿನ ಪ್ರಮಾಣಪತ್ರಕ್ಕೆ ತಂದೆ ತಾಯಿ ಇಲ್ಲವೇ ಪೋಷಕರೇ ಅರ್ಜಿ ಹಾಕಬೇಕೆಂದು ಹೇಳಿತು. ಅಂದರೆ ಹದಿನಾರರ ಮಗುವಿನ ದಾರಿ ಇಲ್ಲಿಯೂ ಮನೆಯ ಪಡಸಾಲೆಯನ್ನು ದಾಟಿಯೇ ಹೋಗಬೇಕು.

ಪಿಯುಸಿ ಓದುತ್ತಿರುವ ನನ್ನ ತಂಗಿಯ ಮಗಳು ಎರಡೇ ದಿನಗಳಲ್ಲಿ ಪುಸ್ತಕ ಮುಗಿಸಿ ಕೇಳಿದ ಮಾತು ಹೀಗಿದೆ: “ದೊಡ್ಡವ್ವಾ, ನಮ್ಮೂರಿಗೆ ಹಿಂಗ ಒಂದು ಹೊಸಾ ಹುಡುಗಿ ಬಂದಿದ್ರ ಒಂದು ತಾಸಿನಾಗ ‘ಯಾರ ಪೈಕಿ’ ಅಂತ ಕೇಳಿ ಎಲ್ಲಾ ತಿಳಕೊಂಡಬಿಡ್ತಿದ್ರು, ಕಥಿ ಅಲ್ಲಿಗೇ ಮುಗೀತಿತ್ತಲ್ಲ?” ಕಾದಂಬರಿಯ ಬಗ್ಗೆ ಇದಕ್ಕಿಂತ ಚುರುಕಾದ ಟೀಕೆಯನ್ನು ನಾನು ಮಾಡಲಾರೆ. ಇಡೀ ಕಥೆ ನಿಂತಿರುವುದೇ ಹೊಸ ಊರಿನಲ್ಲಿ ಹಳೆಯ ಗುರುತು ಅಳಿಸಿಹೋಗುತ್ತದೆ ಎಂಬ ನಂಬಿಕೆಯ ಮೇಲೆ. ನಮ್ಮ ಜಿಲ್ಲೆಯದು ಬೇರೆಯೇ ಕಥೆ. ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದ ಮಕ್ಕಳೆಲ್ಲರೂ ಸೀರೆಯುಟ್ಟು, ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆಯ ನಾದಕ್ಕೆ ಹೆಜ್ಜೆ ಹಾಕುವ, ಎಲ್ಲಮ್ಮನಿಗೆ ಮುಡಿಪಾಗಿ ಹೆಣ್ಣಿನ ರೂಪದಲ್ಲಿ ಬದುಕುವ ಜೋಗಪ್ಪಗಳನ್ನು ಕಂಡಿರುತ್ತಾರೆ. ಇಲ್ಲಿ ಅವರು ಎಲ್ಲರ ಕಣ್ಣೆದುರಿಗೇ ಇದ್ದಾರೆ, ಕೈಮುಗಿಸಿಕೊಳ್ಳುತ್ತಾರೆ. ಆದರೆ ಕಾಲೇಜಿನ ಬೆಂಚಿನ ಮೇಲೆ, ಪಕ್ಕದ ಜಾಗದಲ್ಲಿ ಕುಳಿತ ಗೆಳತಿಯಾಗಿ ಅವರನ್ನು ಊಹಿಸಿಕೊಂಡವರು ಕಡಿಮೆ. ಆ ಬೆಂಚನ್ನು ತೋರಿಸುವ ಕಾರಣಕ್ಕೇ ನಾನು ಈ ಪುಸ್ತಕವನ್ನು ಕೊಳ್ಳಿರೆಂದು ಹೇಳುತ್ತೇನೆ.

ಕೊರತೆಯೂ ಇದೆ. ಅಮಾಂಡಾ ಚೆಲುವೆ, ನೋಡಿದವರಿಗೆ ಅನುಮಾನ ಬಾರದಂಥವಳು, ಹಾರ್ಮೋನ್ ಚಿಕಿತ್ಸೆ ಆಗಲೇ ಶುರುವಾಗಿದೆ, ಶಸ್ತ್ರಚಿಕಿತ್ಸೆಯೂ ಮುಗಿದಿದೆ. ಓದುಗರು ಅವಳನ್ನು ಸುಲಭವಾಗಿ ಒಪ್ಪಲೆಂದು ತಾನೇ ಹೀಗೆ ಮಾಡಿದ್ದಾಗಿ ಲೇಖಕಿ ಕೊನೆಯ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದಾದರೂ, ಟಿಪ್ಪಣಿಯನ್ನು ಓದದೆ ಪುಸ್ತಕ ಮುಚ್ಚಿದ ಹುಡುಗಿಗೆ ಎಲ್ಲವೂ ಇಷ್ಟು ಸಲೀಸು ಎಂಬ ತಪ್ಪು ತಿಳಿವಳಿಕೆ ಉಳಿದೀತು. ಇದೇ ಬಗೆಯ, 2004ರ ‘ಲೂನಾ’ ಕಾದಂಬರಿಯಲ್ಲಿ ಕಥೆ ಹೇಳುವವಳು ತಂಗಿ, ಹೀಗಾಗಿ ಲೂನಾಳ ಮನಸ್ಸನ್ನು ನಾವು ಬಾಗಿಲ ಸಂದಿಯಿಂದ ನೋಡಬೇಕಾಗುತ್ತದೆ. ಇಲ್ಲಿ ಅಮಾಂಡಾಳೇ ನೇರವಾಗಿ ಮಾತಾಡುತ್ತಾಳೆ, ಆ ಮಟ್ಟಿಗೆ ಇದೇ ಮೇಲು.

ಆತ್ಮಹತ್ಯೆಯ ಪ್ರಯತ್ನ ಮತ್ತು ಹಲ್ಲೆಯ ಪ್ರಸಂಗಗಳು ಇರುವುದರಿಂದ ಹದಿನೈದು ದಾಟಿದವರಿಗೆ, ಅದೂ ಹಿರಿಯರೊಬ್ಬರು ಮೊದಲು ಓದಿದ ಮೇಲೆ ಕೊಡುವುದು ಒಳ್ಳೆಯದು. ಇಂಗ್ಲಿಷ್ ಸರಳವಾಗಿದೆ, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದವರೂ ನಿಘಂಟಿನ ಹಂಗಿಲ್ಲದೆ ಓದಬಹುದು. ನನ್ನ ಪ್ರತಿಗೆ ಹುಡುಗಿ ಪಠ್ಯಪುಸ್ತಕಕ್ಕೆ ಹಾಕುವಂತೆ ಹಳೆಯ ಪತ್ರಿಕೆಯ ರಟ್ಟು ಹಾಕಿ ಹಾಸ್ಟೆಲಿಗೆ ಒಯ್ದಿದ್ದಾಳೆ. ಈಗ ನಾಲ್ಕನೆಯ ಗೆಳತಿಯ ಕೈಯಲ್ಲಿದೆಯಂತೆ, ಹಾಗಾಗಿ ಅಂಗಡಿಯವರಿಗೆ ಇನ್ನೊಂದು ಪ್ರತಿ ತರಿಸಲು ಹೇಳಿ ಬಂದಿದ್ದೇನೆ.