ಚಿತ್ರದುರ್ಗದ ಕೋಟೆ: ಕಾರಿನಲ್ಲಿ ಬರುವವರಿಗೆ

ದಾವಣಗೆರೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ. ರಸ್ತೆ ಸಲೀಸು, ಆದರೆ ಬೆಳಿಗ್ಗೆ ಬೇಗ ಹೊರಡಿ. ಬಿಸಿಲೇರಿದರೆ ಬಂಡೆ ಕಾದ ಹೆಂಚು, ನೆರಳೂ ಕಡಿಮೆ. ಬಾಗಿಲಲ್ಲೇ ಗೈಡ್ ಮಾಡಿಕೊಂಡರೆ ದುಡ್ಡಿಗೆ ಮೋಸವಿಲ್ಲ. ದರವನ್ನೂ, ಓಬವ್ವನ ಕಿಂಡಿಯವರೆಗೆ ಬರುತ್ತಾರೋ ಇಲ್ಲವೋ ಎಂಬುದನ್ನೂ ಮೊದಲೇ ಮಾತಾಡಿ.

ಗೋಡೆಗಳ ಹತ್ತಿರ ಮಾತ್ರ ಆತುರ ಬೇಡ. ಭಾರಿ ಗ್ರಾನೈಟ್ ಕಲ್ಲುಗಳನ್ನು ಎಷ್ಟೋ ಕಡೆ ಗಾರೆಯಿಲ್ಲದೆ ಅಂಚಿಗೆ ಅಂಚು ಕೂಡಿಸಿದ್ದಾರೆ. ಬಂಡೆ ಸೀಳಲು ಬೆಣೆ ಬಡಿದ ಗುಳಿಗಳ ಸಾಲು ಈಗಲೂ ಸ್ಪಷ್ಟ. ಸಿಡಿಮದ್ದು ಅರೆಯುತ್ತಿದ್ದ ನಾಲ್ಕು ದೈತ್ಯ ಬೀಸುಕಲ್ಲುಗಳನ್ನು ಬಹಳ ಜನ ಇಣುಕಿ ಹೋಗಿಬಿಡುತ್ತಾರೆ, ಅದು ನಷ್ಟವೇ.

ಸವೆದ ಮೆಟ್ಟಿಲು ಮಳೆಯಲ್ಲಿ ಜಾರುತ್ತವೆ, ಚಪ್ಪಲಿ ಬೇಡ. ತಲಾ ಒಂದು ಲೀಟರ್ ನೀರಿರಲಿ. ತಿಂಡಿಯ ಕವರ್ ಕೈಯಲ್ಲಿದ್ದರೆ ಕೋತಿ ಬಿಡಲ್ಲ, ಬ್ಯಾಗಿನೊಳಗಿಡಿ.