ಅಲಂಕಾರದ ಸ್ಟೀಲ್ ಕತ್ತಿ, ಅಭ್ಯಾಸದ ನೈಲಾನ್ ಕತ್ತಿ: ಕಾದಂಬರಿಗಾಗಿ ಎರಡನ್ನೂ ಬೀಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೈಲಾನ್ ಕತ್ತಿಗೆ.

ಮಧ್ಯಯುಗದ ಜರ್ಮನಿಯನ್ನು ಹೋಲುವ ಲೋಕದಲ್ಲಿ ನಡೆಯುವ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕನದು ಎರಡೂ ಕೈಯಲ್ಲಿ ಹಿಡಿಯುವ ಉದ್ದ ಕತ್ತಿ. ಅಂಥದ್ದನ್ನು ಕೈಯಲ್ಲಿ ಹಿಡಿಯದೆ ಕಾಳಗ ಬರೆಯಲು ಮನಸ್ಸು ಬರಲಿಲ್ಲ. ಆನ್‌ಲೈನಿನಲ್ಲಿ ಚೆಂದ ಕಂಡ ಸ್ಟೀಲ್ ಕತ್ತಿಯನ್ನು ತರಿಸಿದೆ. ಆರು ತಿಂಗಳ ಮೇಲೆ ನೈಲಾನಿನದು.

ಸ್ಟೀಲಿನದು 2.7 ಕೆಜಿ ತೂಗಿತು. ಆ ಕಾಲದ ಉದ್ದ ಕತ್ತಿಗಳು ಹೆಚ್ಚಿನವು 1.1ರಿಂದ 1.8 ಕೆಜಿ ಅಷ್ಟೇ. ಇದು ಗೊತ್ತಾಗುವ ಮೊದಲೇ ನನ್ನ ನಾಯಕ ಮೂರು ಅಧ್ಯಾಯಗಳಲ್ಲಿ ಏದುಸಿರು ಬಿಟ್ಟಾಗಿತ್ತು. ಎಲ್ಲವನ್ನೂ ತಿದ್ದಿದೆ.

ನಿಜವಾಗಿ ಕಾಡಿದ್ದು ಹಿಡಿಯ ಮೇಲಿನ ಅಡ್ಡಪಟ್ಟಿ. ಜರ್ಮನ್ ಕತ್ತಿವರಸೆಯಲ್ಲಿ ಜ್ವೆರ್ಖ್‌ಹೌ ಎಂಬ ಅಡ್ಡ ಹೊಡೆತ ಇದೆ. 1570ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅಚ್ಚಾದ ಕತ್ತಿವರಸೆ ಗುರು ಯೋಆಖಿಮ್ ಮೈಯರ್ ಪುಸ್ತಕದಲ್ಲೂ ಸಿಗುತ್ತದೆ. ಕೈಗಳನ್ನು ತಲೆಯ ಎತ್ತರಕ್ಕೆ ಒಯ್ಯಬೇಕು, ಹೆಬ್ಬೆರಳನ್ನು ಅಲಗಿನ ಚಪ್ಪಟೆ ಮೈಗೆ ಅಡಿಯಿಂದ ಒತ್ತಿ, ಕತ್ತಿಯನ್ನು ಅಡ್ಡಕ್ಕೆ ತಿರುಗಿಸಿ ಹೊಡೆಯಬೇಕು. ಮೇಲಿಂದ ಬರುವ ಏಟನ್ನು ತಡೆಯುತ್ತಲೇ ಎದುರಾಳಿಯ ತಲೆಗೂ ಹೊಡೆಯಬಹುದು.

ನನ್ನ ಸ್ಟೀಲ್ ಕತ್ತಿಯ ಅಡ್ಡಪಟ್ಟಿ ಡ್ರ್ಯಾಗನ್ ರೆಕ್ಕೆಯ ಆಕಾರದ್ದು. ತುದಿಗಳು ಕೈಯ ಕಡೆಗೇ ಬಾಗಿದ್ದವು. ಕೈ ಎತ್ತಿ ತಿರುಗಿಸಿದಾಗೆಲ್ಲ ರೆಕ್ಕೆ ಮಣಿಕಟ್ಟಿಗೆ ಚುಚ್ಚುತ್ತಿತ್ತು. ಗ್ಲೌಸ್ ಹಾಕಿದೆ, ಹಿಡಿತ ಬದಲಿಸಿದೆ, ಆಗಲಿಲ್ಲ. ಹೆಬ್ಬೆರಳು ಕೂರಬೇಕಾದ ಜಾಗದಲ್ಲಿ ಡ್ರ್ಯಾಗನ್ ತಲೆ! ಹಿಡಿಯ ತುದಿಯಲ್ಲಿ ಮೂರು ಮುಳ್ಳು, ಎಡಗೈ ಅಲ್ಲಿ ಜಾರಿ ತಿರುಗಬೇಕು ತಾನೇ?

ನೈಲಾನ್ ಕತ್ತಿಯ ಪಟ್ಟಿ ನೇರ, ಸಾದಾ. ಅದೇ ಹೊಡೆತ ಮೊದಲ ದಿನವೇ ಬಂತು. ಹಳೆಯ ಕತ್ತಿಗಳು ಅಷ್ಟು ಸರಳವಾಗಿ ಯಾಕಿದ್ದವು ಅಂತ ಮಣಿಕಟ್ಟು ತಿರುಗಿದಾಗಲೇ ಅರ್ಥವಾಯಿತು. ನನ್ನ ನಾಯಕನ ಕತ್ತಿಯಿಂದ ರೆಕ್ಕೆಗಳನ್ನು ಅವತ್ತೇ ತೆಗೆದೆ.

ಸ್ಟೀಲ್ ಕತ್ತಿಯ ಹಿಡಿ ಅಲುಗಾಡಲು ಶುರುವಾದಾಗ ಬಿಚ್ಚಿ ನೋಡಿದೆ. ಒಳಗೆ ಅಲಗಿಗೆ ಪೆನ್ಸಿಲ್ ದಪ್ಪದ ಕಂಬಿಯನ್ನು ಬೆಸುಗೆ ಹಾಕಿದ್ದರು. ಇಂಥದ್ದನ್ನು ದಯವಿಟ್ಟು ಬೀಸಬೇಡಿ, ಅಲಗು ಕಿತ್ತು ಹಾರಬಹುದು.

ಅಲಗಿನ ನಡುವಿನ ತೋಡು ರಕ್ತ ಹರಿಯಲಿಕ್ಕೆ ಅನ್ನುವ ಮಾತಿದೆ. ಅದಕ್ಕಲ್ಲ, ತೂಕ ಇಳಿಸಲಿಕ್ಕೆ.

ಬೆನ್ನಿನ ಮೇಲಿನ ಒರೆಯಿಂದ ಕತ್ತಿ ಸೆಳೆಯುವುದನ್ನೂ ಎರಡರಲ್ಲೂ ನೋಡಿದೆ. 90 ಸೆಂಟಿಮೀಟರ್ ಅಲಗಿಗೆ ತೋಳೇ ಸಾಲುವುದಿಲ್ಲ. ನಮ್ಮ ಕೊಡವರ ಒಡಿಕತ್ತಿ ಬೆನ್ನ ಹಿಂದೆ ಇರುತ್ತದೆ ನಿಜ. ಆದರೆ ಅದು ಗಿಡ್ಡ, ಒರೆ ಇಲ್ಲದೆ ಸೊಂಟದ ಹಿಂದಿನ ತೊಡಂಗ್ ಎಂಬ ಲೋಹದ ಕೊಂಡಿಗೆ ಸಿಕ್ಕಿಸುವಂಥದು.

ನೈಲಾನಿಗೂ ಒಂದು ಕೊರತೆ ಇದೆ. ಎರಡು ಕತ್ತಿ ಕೂಡಿಕೊಂಡಾಗ ಜಾರುತ್ತವೆ. ನಿಜವಾದ ಉಕ್ಕು ಉಕ್ಕನ್ನು ಕಚ್ಚಿ ಹಿಡಿಯುತ್ತದೆ, ಎದುರಾಳಿ ಎಷ್ಟು ಒತ್ತುತ್ತಿದ್ದಾನೆ ಅನ್ನುವುದು ಅಲ್ಲೇ ಕೈಗೆ ತಿಳಿಯುತ್ತದೆ. ಅದಕ್ಕೆ ಅಭ್ಯಾಸದ ಮೊಂಡು ಸ್ಟೀಲ್ ಕತ್ತಿಯೇ ಬೇಕು. ಬೆಲೆ ಜಾಸ್ತಿ, ಜೊತೆಗೆ ಮುಖವಾಡ, ದಪ್ಪ ಗ್ಲೌಸ್ ಖರ್ಚು ಬೇರೆ. ನಾನು ಬೆಳಿಗ್ಗೆ ಅರ್ಧ ಗಂಟೆ ತಾರಸಿಯಲ್ಲಿ ಒಬ್ಬನೇ ಬೀಸುವವನು. ಸದ್ಯಕ್ಕೆ ನೈಲಾನೇ ಸಾಕು. ಜೊತೆಗಾರ ಸಿಕ್ಕ ದಿನ ಉಕ್ಕಿನದು ತರಿಸುತ್ತೇನೆ.